ಗುಡ್ಡದ ಮೇಲಿನ ಮನೆಗೆ ನೀರು ಹತ್ತುತ್ತಿಲ್ಲ, ಲೈನಿಗೇ ಮೋಟರ್ ಹಾಕಬಹುದಾ?

ಏರಿನಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಒಂದು ಸಣ್ಣ ಪೇಟೆ, ಮನೆ ಏರಿನ ತುದಿಯಲ್ಲಿದೆ. ಕೆಳಗಿನ ರಸ್ತೆಯವರ ಸಂಪು ತುಂಬಿ ಚೆಲ್ಲುವ ಹೊತ್ತಿಗೆ ನಮ್ಮ ನಲ್ಲಿಯಲ್ಲಿ ಬರೀ ಗಾಳಿ. ತಿಂಗಳ ದರ ಮಾತ್ರ ಇಬ್ಬರಿಗೂ ಒಂದೇ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಮಳೆ ಹಿಡಿದರೆ ನೀರು ಕೆಂಪಗೆ ಬರುತ್ತದೆ, ಮಾರ್ಚ್ ಬಂದರೆ ಅದೂ ಇಲ್ಲ. ನೀರಿನ ಕಚೇರಿಗೆ ಫೋನ್ ಮಾಡಿದರೆ ‘ಕರೆಂಟ್ ಇರಲಿಲ್ಲ’ ಅಂತ ಇಟ್ಟುಬಿಡುತ್ತಾರೆ. ಇಷ್ಟು ಮಳೆ ಬೀಳುವ ಊರಲ್ಲಿ ವಯಸ್ಸಾದ ಅಮ್ಮ ಕೊಡ ಹಿಡಿದು ಇಳಿಜಾರು ಇಳಿಯಬೇಕಾ? ಲೈನಿಗೇ ಮೋಟರ್ ಹಾಕಿ ಎಳೆಯಿರಿ ಅನ್ನುತ್ತಾರೆ ಪಕ್ಕದವರು. ಹಾಕಬಹುದಾ?

ಹಳೇ ಪಂಪ್ ಆಪರೇಟರ್:
ಅದೊಂದು ಮಾಡಬೇಡಿ ತಮ್ಮಾ. ಮೋಟರ್ ಎಳೆದಾಗ ಪೈಪಿನೊಳಗಿನ ಒತ್ತಡ ಇಳಿದು, ಜಾಯಿಂಟ್ ಸೋರುವ ಕಡೆಯಲ್ಲೆಲ್ಲ ಹೊರಗಿನ ಚರಂಡಿ ನೀರು ಒಳಗೆ ನುಗ್ಗುತ್ತದೆ. ಅದನ್ನು ಕುಡಿಯುವುದು ನಿಮ್ಮ ಬೀದಿಯವರೇ ಅಲ್ವಾ.

ಲೆಕ್ಕ ಸರಳ. ಟ್ಯಾಂಕಿನಿಂದ 10 ಮೀಟರ್ ಕೆಳಗೆ ಇಳಿದರೆ ಹೆಚ್ಚುಕಡಿಮೆ 1 ಕೆಜಿ ಪ್ರೆಷರ್ (ಅಂದರೆ ಚದರ ಸೆಂಟಿಮೀಟರಿಗೆ 1 ಕೆಜಿ) ಸಿಗುತ್ತದೆ. ಕೆಳಗಿನ ಮನೆ 50 ಮೀಟರ್ ತಗ್ಗಿನಲ್ಲಿದ್ದರೆ ಅಲ್ಲಿ 5 ಕೆಜಿ, ನೀವು ಬರೀ 5 ಮೀಟರ್ ತಗ್ಗಿನಲ್ಲಿದ್ದರೆ ಅರ್ಧ ಕೆಜಿ. ಕೆಳಗಿನವರು ನಲ್ಲಿ ತಿರುಗಿಸಿದ ಕೂಡಲೇ ಅದೂ ಹೋಯಿತು. ಬಯಲುಸೀಮೆಯ ಹಾಗೆ ಇಡೀ ಊರಿಗೆ ಒಂದೇ ಲೈನ್ ಎಳೆದರೆ ಬೆಟ್ಟದಲ್ಲಿ ಹೀಗೇ ಆಗುತ್ತದೆ. ಎತ್ತರ ನೋಡಿ ಲೈನ್ ಬೇರೆ ಮಾಡಿ, ನಡುವೆ ಗೇಟ್ ವಾಲ್ವ್ ಕೂರಿಸಿ, ಮೇಲಿನವರಿಗೆ ಮೊದಲು ಬಿಡಬೇಕು. ಏರಿನ ತುದಿಯಲ್ಲಿ ಏರ್ ವಾಲ್ವ್ ಇರುತ್ತದೆ, ಅದು ಕೆಟ್ಟರೆ ಗಾಳಿ ಸಿಕ್ಕಿಕೊಂಡು ನೀರು ಹತ್ತುವುದಿಲ್ಲ. ನೀವು ಹೇಳಿದ್ದು ನೋಡಿದರೆ ನನಗೆ ಮೊದಲ ಅನುಮಾನ ಅದರ ಮೇಲೇ.

ಕರೆಂಟ್ ಮಾತು ಕೆಲವು ಸಲ ನಿಜ. ಮಡಿಕೇರಿಗೂ ಕೂಟುಹೊಳೆ ನೀರನ್ನು ಪಂಪ್ ಮಾಡಿಯೇ ಮೇಲೆ ತರಬೇಕು. ಮರ ಬಿದ್ದು ತಂತಿ ಹರಿದರೆ ಪಂಪ್ ನಿಂತಿತು. ಆದರೆ ಇವತ್ತು ನೀರಿಲ್ಲ, ನಾಳೆ ಮೇಲಿನ ಬೀದಿಗೆ ಮೊದಲು ಬಿಡುತ್ತೇವೆ ಅಂತ ಒಂದು ಮೆಸೇಜ್ ಹಾಕಲು ಏನು ಕಷ್ಟ? ವಾರ್ಡಿನ ವಾಟ್ಸಾಪ್ ಗುಂಪು ಸಾಕು. ಜನ ಕಾಯುತ್ತಾರೆ. ಹೇಳದೆ ಬಿಟ್ಟರೆ ಮಾತ್ರ ಸಿಟ್ಟು ಬರುತ್ತದೆ.

ತೋಟದಕ್ಕ:
ಕೆಂಪು ನೀರಿನ ಬಗ್ಗೆ ಒಂದು ಮಾತು. ಕ್ಲೋರಿನ್ ವಾಸನೆ ಬಂತು ಅಂತ ಹಾಗೇ ಕುಡಿಯಬೇಡಿ. ನೀರಿನಲ್ಲಿ ಮಣ್ಣು ಜಾಸ್ತಿ ಇದ್ದರೆ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿಸಿ. ನಲ್ಲಿ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುವುದು ಮಾನದಂಡ. ನಿಮ್ಮ ಮನೆಯಲ್ಲೇ ಪರೀಕ್ಷೆ ಮಾಡಿ ತೋರಿಸಿ ಅಂತ ಕೇಳಿ. ಲೈನಿನ ಕೊನೆಯ ಮನೆಯಲ್ಲೇ ನೋಡಬೇಕಾದದ್ದು.

ಮಾರ್ಚ್ ತಿಂಗಳದು ಬೇರೆ ಕತೆ, ಅದರಲ್ಲಿ ನಾವು ಬೆಳೆಗಾರರೂ ಇದ್ದೇವೆ. ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲೇಬೇಕು, ಅದೇ ಹೊತ್ತಿಗೆ ತೋಡು ಹೊಳೆ ಎಲ್ಲ ಬತ್ತಿರುತ್ತವೆ. ಕುಡಿಯುವ ನೀರು ಎತ್ತುವ ಜಾಗಕ್ಕಿಂತ ಮೇಲೆ ಮೋಟರ್ ಇಡುವವರು ಆ ವಾರಗಳಲ್ಲಿ ಪಾಳಿ ಹಾಕಿಕೊಳ್ಳಲಿ. ಕೆರೆ ತೋಡಿಕೊಂಡವರಿಗೆ ಈ ತಾಪತ್ರಯ ಕಮ್ಮಿ.

ಏರಿನಮನೆ:
ಅಣ್ಣ, ಅಕ್ಕ, ತುಂಬಾ ಉಪಕಾರವಾಯಿತು. ಮೋಟರ್ ಬೇಡ. ಏರ್ ವಾಲ್ವ್ ವಿಷಯ ಬಾಯಲ್ಲಿ ಹೇಳಿದರೆ ಸಾಕಾ?

ಹಳೇ ಪಂಪ್ ಆಪರೇಟರ್:
ಸಾಲದು. ಬರೆದು ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಮೇಲಿನ ಬೀದಿಯವರೆಲ್ಲ ಸಹಿ ಹಾಕಿದರೆ ತೂಕ ಜಾಸ್ತಿ. ಉತ್ತರ ಬರದಿದ್ದರೆ ವಾಲ್ವ್ ಬಿಡುವ ರಿಜಿಸ್ಟರ್‌ನ ಪ್ರತಿ ಕೊಡಿ ಅಂತ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಲೇಬೇಕು. ಯಾವ ಬೀದಿಗೆ ಎಷ್ಟು ಹೊತ್ತು ನೀರು ಹೋಗಿದೆ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ.