ಟಕ್ ಟಕ್ ಎನ್ನುವ ಹಾರ್ಡ್ ಡಿಸ್ಕಿನಿಂದ ವಿಂಡೋಸನ್ನು ಎಸ್‌ಎಸ್‌ಡಿಗೆ ಸಾಗಿಸುವುದು ಹೇಗೆ?

ಚಿಂತಾಮಣಿ ಬೆರಳಚ್ಚು:
ನಮಸ್ಕಾರ. ಚಿಂತಾಮಣಿ ತಾಲ್ಲೂಕು ಕಚೇರಿಯ ಬಳಿ ಬೆರಳಚ್ಚು, ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಹಳೆಯ ಕಂಪ್ಯೂಟರ್, ವಿಂಡೋಸ್ 10, 1 ಟಿಬಿ ಹಾರ್ಡ್ ಡಿಸ್ಕ್; ತುಂಬಿರುವುದು 210 ಜಿಬಿ. ಈಚೆಗೆ ಫೈಲ್ ತೆರೆದರೆ ಡಿಸ್ಕ್ ಟಕ್ ಟಕ್ ಎನ್ನುತ್ತದೆ, ಪರದೆ ಅಲ್ಲಾಡದೆ ನಿಂತುಬಿಡುತ್ತದೆ. ಡಿಸ್ಕಿನ ಆರೋಗ್ಯ ನೋಡುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶ ಎಚ್ಚರಿಕೆಯ ಹಳದಿ ಬಣ್ಣ ತೋರಿಸುತ್ತಿದೆ; ಸಿ5 ಸಾಲಿನ ಕೊನೆಗೆ 10 ಎಂದಿದೆ. 480 ಜಿಬಿ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳ ಡ್ರೈವ್) ತಂದಿದ್ದೇನೆ. ಹೊಸದಾಗಿ ವಿಂಡೋಸ್ ಹಾಕಿಸುವುದಕ್ಕೆ ಮನಸ್ಸಿಲ್ಲ. ಕ್ರಯಪತ್ರ, ವಂಶವೃಕ್ಷ, ಅಫಿಡವಿಟ್ ಮಾದರಿಗಳೆಲ್ಲ ಹಳೆಯ ನುಡಿ ಫಾಂಟಿನಲ್ಲಿವೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡವೇ ಕಾಣುವುದಿಲ್ಲ, ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು. ಎಲ್ಲವೂ ಇದ್ದಂತೆಯೇ ಹೊಸ ಡ್ರೈವಿಗೆ ಬರುತ್ತದೆಯೇ?

ತುಮಕೂರು ರಿಪೇರಿ:
ಬರುತ್ತದೆ ಸರ್. ಆದರೆ ದಯವಿಟ್ಟು ಕ್ಲೋನ್ (ಇಡೀ ಡಿಸ್ಕಿನ ಯಥಾವತ್ ನಕಲು) ಕೆಲಸಕ್ಕೆ ಮೊದಲೇ ಕೈ ಹಾಕಬೇಡಿ. ಸಿ5 ಎಂದರೆ ಡಿಸ್ಕಿಗೆ ಓದಲು ಆಗದೆ ಬಾಕಿ ಉಳಿದಿರುವ ಸೆಕ್ಟರ್‌ಗಳು, ಅಂದರೆ ಡಿಸ್ಕಿನ ಪುಟ್ಟ ತುಣುಕುಗಳು. ಆ ತಂತ್ರಾಂಶ ಸಂಖ್ಯೆಯನ್ನು ಹೆಕ್ಸಾಡೆಸಿಮಲ್‌ನಲ್ಲಿ (ಹದಿನಾರರ ಲೆಕ್ಕದಲ್ಲಿ) ತೋರಿಸುತ್ತದೆ. ನೀವು ಸೆಟ್ಟಿಂಗ್ ಬದಲಿಸಿಲ್ಲವಾದರೆ ಅಲ್ಲಿರುವ 10 ನಿಜವಾಗಿ 16. ಸದ್ದೂ ಸೇರಿದೆ ಎಂದರೆ ಡಿಸ್ಕ್ ಇನ್ನೆಷ್ಟು ದಿನ ಎಂದು ಯಾರೂ ಹೇಳಲಾರರು. ಇವತ್ತೇ ಮಾದರಿಗಳ ಫೋಲ್ಡರನ್ನು ಬೇರೊಂದು ಡ್ರೈವಿಗೆ ನಕಲು ಮಾಡಿಕೊಳ್ಳಿ. ಅದು ಮುಗಿಯುವವರೆಗೆ ವಿಂಡೋಸಿನ ಡಿಸ್ಕ್ ತಪಾಸಣೆಯಾದ ಚೆಕ್‌ಡಿಸ್ಕ್ ಓಡಿಸಲೇಬೇಡಿ. ಸಾಯುತ್ತಿರುವ ಡಿಸ್ಕನ್ನು ಅದು ಮೂಲೆ ಮೂಲೆಗೂ ಓದಿಸಿ ಸುಸ್ತು ಮಾಡುತ್ತದೆ.

ಆಮೇಲೆ ಕ್ಲೋನ್. ನಿಮ್ಮ ಎಸ್‌ಎಸ್‌ಡಿ ತಯಾರಕರ ಜಾಲತಾಣ ನೋಡಿ. ಸ್ಯಾಮ್‌ಸಂಗ್, ಕ್ರೂಷಿಯಲ್‌ನಂಥವರು ತಮ್ಮ ಡ್ರೈವ್ ಕೊಂಡವರಿಗೆ ಉಚಿತ ತಂತ್ರಾಂಶ ಕೊಡುತ್ತಾರೆ. ಅವು ದೊಡ್ಡ ಡಿಸ್ಕಿನಿಂದ ಚಿಕ್ಕದಕ್ಕೆ ವಿಭಾಗಗಳನ್ನು ಕುಗ್ಗಿಸಿಕೊಂಡೇ ಸಾಗಿಸುತ್ತವೆ. ಕ್ಲೋನ್‌ಜಿಲ್ಲಾ ಎಂಬ ತಂತ್ರಾಂಶವೂ ಒಳ್ಳೆಯದೇ, ಆದರೆ ಸಾಮಾನ್ಯ ಆಯ್ಕೆಯಲ್ಲಿ ಚಿಕ್ಕ ಡಿಸ್ಕನ್ನು ಒಪ್ಪುವುದಿಲ್ಲ. ಸಿ ವಿಭಾಗವೊಂದನ್ನೇ ಆರಿಸಬೇಡಿ, ಇಡೀ ಡಿಸ್ಕನ್ನು ಆರಿಸಿ. ಬೂಟ್ ಆಗಲು, ಅಂದರೆ ವಿಂಡೋಸ್ ಶುರುವಾಗಲು, ಬೇಕಾದ ಪುಟ್ಟ ವಿಭಾಗ ಪಕ್ಕದಲ್ಲಿ ಬೇರೆಯೇ ಇರುತ್ತದೆ. ಕರೆಂಟಿನ ಭರವಸೆ ಇಲ್ಲದ ಕಡೆ ಯುಪಿಎಸ್ ಇಲ್ಲದೆ ಶುರು ಮಾಡಬೇಡಿ.

ಮುಗಿದ ಮೇಲೆ ಯಂತ್ರ ಆಫ್ ಮಾಡಿ, ಹಳೆಯ ಡಿಸ್ಕನ್ನು ಬಿಚ್ಚಿ, ಅದೇ ಸಾಟಾ ಕೇಬಲ್ಲಿಗೆ ಎಸ್‌ಎಸ್‌ಡಿ ಹಾಕಿ. ಎರಡನ್ನೂ ಒಟ್ಟಿಗೆ ಬಿಟ್ಟರೆ ಯಾವುದರಿಂದ ಬೂಟ್ ಆಯಿತೆಂದೇ ತಿಳಿಯುವುದಿಲ್ಲ. ಎರಡಕ್ಕೂ ಒಂದೇ ಗುರುತು ಇದ್ದರೆ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿಬಿಡುತ್ತದೆ. ಮದರ್‌ಬೋರ್ಡ್ ಬದಲಾಗದ ಕಾರಣ ಲೈಸೆನ್ಸಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ.

ಕೋಲಾರ ಶಿಕ್ಷಕಿ:
ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಜನರ ಆಸ್ತಿ ಪತ್ರಗಳಿರುವ ಯಂತ್ರ ಅದು, ಇಂದಲ್ಲ ನಾಳೆ ಹೊಸದಕ್ಕೆ ಹೋಗಲೇಬೇಕು. ಕ್ಲೋನ್ ಆದ ಮೇಲೂ ನುಡಿ ಫಾಂಟ್‌ಗಳನ್ನು ಪ್ರತ್ಯೇಕವಾಗಿ ತೆಗೆದಿಡಿ, ಮಾದರಿಗಳನ್ನು ಬಿಡುವಾದಾಗ, ನುಡಿ ಫಾಂಟ್ ಇಲ್ಲದ ಕಡೆಯೂ ಕನ್ನಡ ಕಾಣುವ ಯೂನಿಕೋಡ್‌ಗೆ ಬದಲಿಸುತ್ತಾ ಬನ್ನಿ.

ತುಮಕೂರು ರಿಪೇರಿ:
ಮೇಡಂ ಹೇಳುವುದು ಸರಿ, ಆದರೆ ಅದು ಮುಂದಿನ ಮಾತು. ಈಗ ಡಿಸ್ಕ್ ಉಳಿದಿರುವಾಗಲೇ ಕಡತ ಹೊರಗೆ ಬರಬೇಕು. ಒಂದು ವೇಳೆ ಕ್ಲೋನ್ ನಡುವೆ ಓದುವ ದೋಷ ಎಂದು ನಿಂತರೆ ಮತ್ತೆ ಮತ್ತೆ ಒತ್ತಬೇಡಿ. ಲಿನಕ್ಸಿನ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಚೆನ್ನಾಗಿರುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಕೊನೆಗೆ ಬರುತ್ತದೆ. ಅದಕ್ಕೆ 1 ಟಿಬಿ ಅಥವಾ ಹೆಚ್ಚಿನ ಡ್ರೈವ್ ಬೇಕು.

ಚಿಂತಾಮಣಿ ಬೆರಳಚ್ಚು:
ಮಾದರಿಗಳು, ಫಾಂಟ್‌ಗಳು ಹೊರಗಿನ ಡ್ರೈವಿಗೆ ಬಂದವು. ಒಂದು ವಂಶವೃಕ್ಷದ ಕಡತ ಮಾತ್ರ ನಕಲಾಗಲಿಲ್ಲ, ಅದರ ಮುದ್ರಿತ ಪ್ರತಿ ನನ್ನಲ್ಲಿದೆ. ಭಾನುವಾರ ಅಂಗಡಿ ಮುಚ್ಚಿದ ಮೇಲೆ ಕ್ಲೋನ್‌ಗೆ ಕೂರುತ್ತೇನೆ. ಇಬ್ಬರಿಗೂ ಧನ್ಯವಾದ.