ದೊಡ್ಡಾಟದ ಡಿವಿಡಿ ಟ್ಯಾಬ್‌ನಲ್ಲಿ ತಡೆದು ತಡೆದು ಓಡುತ್ತಿದೆ, ಅನುಭವ ಇದ್ದವರು ಹೇಳಿ

ಕೇಳಿದವರು, ಸಿರುಗುಪ್ಪದಿಂದ:
ನಮ್ಮ ತಂದೆ ದೊಡ್ಡಾಟದಲ್ಲಿ ಭೀಮನ ಪಾತ್ರ ಮಾಡುತ್ತಿದ್ದರು. ಅದನ್ನು ಶೂಟ್ ಮಾಡಿಸಿದ ಡಿವಿಡಿಗಳು ಮನೆಯಲ್ಲಿವೆ. ಈಗ ಅವರಿಗೆ ಜಾಸ್ತಿ ಹೊತ್ತು ಕೂರಲು ಆಗುವುದಿಲ್ಲ. ಮಲಗಿದಲ್ಲೇ ನೋಡಲಿ ಅಂತ ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಕನ್ವರ್ಟ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಎಂಪಿ4 ಮಾಡಿ ಟ್ಯಾಬ್‌ಗೆ ಹಾಕಿದೆ. ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು) 30, ಕಾನ್‌ಸ್ಟಂಟ್ (ಒಂದೇ ಸಮ) ಇಟ್ಟಿದ್ದೇನೆ. ಕುಣಿತ ಬಂದಾಗ ಚಿತ್ರ ತಡೆಯುತ್ತದೆ. ಗದೆ ಬೀಸಿದರೆ ಅಂಚಿನಲ್ಲಿ ಗೆರೆ ಗೆರೆ. ಕೊನೆಗೆ ಬರುವಷ್ಟರಲ್ಲಿ ಮಾತು ಒಂದು ಕಡೆ, ತುಟಿ ಒಂದು ಕಡೆ. ಡಿವಿಡಿ ಪ್ಲೇಯರ್‌ನಲ್ಲಿ ಚಿತ್ರ ಚೆನ್ನಾಗಿಯೇ ಓಡುತ್ತದೆ.

ಬಳ್ಳಾರಿಯಿಂದ:
ಮೊದಲು ಆ 30 ತೆಗೆಯಿರಿ. ನಮ್ಮ ಕಡೆ ಶೂಟ್ ಮಾಡಿದ ಡಿಸ್ಕ್ ಬಹುತೇಕ ಪಾಲ್ ಅನ್ನೋ ಟಿವಿ ಪದ್ಧತಿಯದು. ಅಂದರೆ ಸೆಕೆಂಡಿಗೆ 25 ಫ್ರೇಮ್, ಚಿತ್ರದ ಅಳತೆ 720 ಗುಣಿಸು 576 ಚುಕ್ಕೆ. ಇಲ್ಲದ ಐದು ಫ್ರೇಮ್ ಎಲ್ಲಿಂದ ಬರಬೇಕು? ಸಾಫ್ಟ್‌ವೇರ್ ಇದ್ದದ್ದನ್ನೇ ಮತ್ತೊಮ್ಮೆ ತುರುಕುತ್ತದೆ. ಹೊಸ ಫೈಲನ್ನು ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರ್‌ನಲ್ಲಿ ತೆರೆದು, ಕುಣಿತದ ಜಾಗದಲ್ಲಿ ನಿಲ್ಲಿಸಿ, ಕೀಬೋರ್ಡಿನ 'ಇ' ಒತ್ತುತ್ತಾ ಹೋಗಿ. ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಗದೆ ಐದು ಸಲ ಜರುಗಿ, ಆರನೇ ಸಲ ಇದ್ದಲ್ಲೇ ನಿಂತಿರುತ್ತದೆ. ಸೆಕೆಂಡಿಗೆ ಐದು ಸಲ ಹೀಗಾದರೆ ಕಣ್ಣಿಗೆ ತಡೆದ ಹಾಗೆ ಕಾಣದೆ ಇರುತ್ತದಾ?

ಹ್ಯಾಂಡ್‌ಬ್ರೇಕ್‌ನ 'ವಿಡಿಯೋ' ಪುಟದಲ್ಲಿ ಫ್ರೇಮ್ ರೇಟ್ 'ಸೇಮ್ ಆ್ಯಸ್ ಸೋರ್ಸ್' ಆರಿಸಿ, ಕಾನ್‌ಸ್ಟಂಟ್ ಹಾಗೇ ಇರಲಿ. 24 ಕೂಡ ಬೇಡ, ಆಗ ಪ್ರತಿ ಸೆಕೆಂಡಿಗೆ ಒಂದು ಫ್ರೇಮ್ ಕಳೆದುಹೋಗುತ್ತದೆ.

ಗೆರೆಗಳ ವಿಷಯವೇ ಬೇರೆ. ಅದು ಇಂಟರ್‌ಲೇಸಿಂಗ್. ಒಂದು ಫ್ರೇಮಿನಲ್ಲಿ ಎರಡು ಬೇರೆ ಬೇರೆ ಗಳಿಗೆಯ ಅರ್ಧ ಚಿತ್ರಗಳು ಬಾಚಣಿಗೆಯ ಹಲ್ಲಿನ ಹಾಗೆ ಸೇರಿಕೊಂಡಿರುತ್ತವೆ. ಫ್ರೇಮ್ ರೇಟ್ ಎಷ್ಟೇ ಬದಲಾಯಿಸಿದರೂ ಇದು ಹೋಗುವುದಿಲ್ಲ. ಫಿಲ್ಟರ್ಸ್‌ನಲ್ಲಿ ಡೀಇಂಟರ್‌ಲೇಸ್ ಹಾಕಲೇಬೇಕು. ಕ್ವಾಲಿಟಿ ಆರ್‌ಎಫ್ 20ರ ಆಸುಪಾಸು ಸಾಕು.

ಕೊಪ್ಪಳದಿಂದ:
ಮೇಲಿನವರು ಹೇಳಿದ್ದು ಸರಿ. ಆದರೆ ಕುಣಿತಕ್ಕೆ ನಾನು ಡೀಇಂಟರ್‌ಲೇಸ್‌ನಲ್ಲೇ ಇರುವ 'ಬಾಬ್' ಹಾಕಿ ಅಂತಲೇ ಹೇಳುತ್ತೇನೆ. ಗವಿಮಠದ ಜಾತ್ರೆಯ ಹಳೇ ಡಿಸ್ಕ್ ನಮ್ಮಲ್ಲಿತ್ತು. ಸಾದಾ ಡೀಇಂಟರ್‌ಲೇಸ್ ಮಾಡಿದಾಗ ತೇರಿಗೆ ಎಸೆದ ಉತ್ತತ್ತಿ ಅಲ್ಲೊಂದು ಇಲ್ಲೊಂದು ಚುಕ್ಕೆಯಾಗಿ ಹಾರಿದಂತಿತ್ತು. ಬಾಬ್‌ನಲ್ಲಿ ಪ್ರತಿ ಅರ್ಧ ಚಿತ್ರವೂ ಒಂದು ಪೂರ್ತಿ ಫ್ರೇಮ್ ಆಗುತ್ತದೆ, ಸೆಕೆಂಡಿಗೆ 50. ಕೈಯಿಂದ ಬಿಟ್ಟ ಉತ್ತತ್ತಿ ತೇರಿಗೆ ತಾಗುವವರೆಗೂ ಕಣ್ಣಿಗೆ ಸಿಗುತ್ತದೆ. ಒಂದು ಮಾತು ನೆನಪಿಡಿ: ಬಾಬ್ ಹಾಕಿದಾಗ ಫ್ರೇಮ್ ರೇಟನ್ನೂ 50 ಅಂತಲೇ ಆರಿಸಿ. 25ರಲ್ಲಿ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಫೈಲ್ ಸ್ವಲ್ಪ ದೊಡ್ಡದಾಗುತ್ತದೆ, ಆಗಲಿ. ಅಪ್ಪನ ಕುಣಿತ ಅಲ್ವಾ?

ಗಂಗಾವತಿಯಿಂದ:
ಬಾಬ್ ಹಾಕಿದ ಮೇಲೆ ಚಿತ್ರ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ನಡುಗಿದರೆ ಹೆದರಬೇಡಿ. ಫೀಲ್ಡ್ ಆರ್ಡರ್, ಅಂದರೆ ಆ ಅರ್ಧ ಚಿತ್ರಗಳ (ಫೀಲ್ಡ್) ಸರದಿ, ತಿರುವುಮುರುವಾಗಿದೆ ಅಂತ ಅರ್ಥ. ಡಿವಿ ಕ್ಯಾಸೆಟ್ ಕ್ಯಾಮೆರಾದಲ್ಲಿ ಕೆಳಗಿನ ಫೀಲ್ಡ್ ಮೊದಲು, ಡಿವಿಡಿಯಲ್ಲಿ ಸಾಮಾನ್ಯವಾಗಿ ಮೇಲಿನದು ಮೊದಲು. ಡಿಸ್ಕ್ ಮಾಡುವಾಗ ಇದನ್ನು ಗಮನಿಸದೆ ಬಿಟ್ಟಿದ್ದರೆ ಹೀಗಾಗುತ್ತದೆ. ಹ್ಯಾಂಡ್‌ಬ್ರೇಕ್‌ನ ಡೀಇಂಟರ್‌ಲೇಸ್ ಫಿಲ್ಟರ್ ಯಾಡಿಫ್‌ನ ಕಸ್ಟಮ್ ಸೆಟ್ಟಿಂಗಿನಲ್ಲಿ ಪ್ಯಾರಿಟಿ 0 ಅಂದರೆ ಮೇಲಿನದು ಮೊದಲು, 1 ಅಂದರೆ ಕೆಳಗಿನದು. ಒಂದು ನಿಮಿಷದ ತುಣುಕು ಎರಡೂ ಥರ ಮಾಡಿ ನೋಡಿ.

ಲಿಂಗಸುಗೂರಿನಿಂದ:
ಡಿವಿಡಿ ಅಲ್ಲದೆ ವಿಸಿಡಿ ಇದ್ದರೆ ಡೀಇಂಟರ್‌ಲೇಸ್ ಬೇಡ. ಅದು 352 ಗುಣಿಸು 288, ಇಂಟರ್‌ಲೇಸ್ ಇರುವುದೇ ಇಲ್ಲ. ಸುಮ್ನೆ ಹಾಕಿದರೆ ಇದ್ದ ಚೂರು ಸ್ಪಷ್ಟತೆಯೂ ಹೋಗುತ್ತದೆ. ಅಮೆರಿಕದಿಂದ ಬಂದ ಡಿಸ್ಕ್ ಇದ್ದರೆ ಅದು 29.97, ಅದನ್ನು ಎಳೆದು 25 ಮಾಡಬೇಡಿ.

ಕೇಳಿದವರು, ಸಿರುಗುಪ್ಪದಿಂದ:
'ಇ' ಒತ್ತಿ ನೋಡಿದೆ, ಆರನೆಯದು ನಿಲ್ಲುತ್ತಿದೆ! ಸೇಮ್ ಆ್ಯಸ್ ಸೋರ್ಸ್ ಮತ್ತು ಡೀಇಂಟರ್‌ಲೇಸ್ ಹಾಕಿದ ಮೇಲೆ ತಡೆಯುವುದೂ ಗೆರೆಯೂ ಹೋದವು. ಬಾಬ್ ರಾತ್ರಿ ಹಾಕಿ ಬಿಡುತ್ತೇನೆ. ಆದರೆ ಮಾತು ಇನ್ನೂ ತಪ್ಪುತ್ತಿದೆ.

ರಾಯಚೂರಿನಿಂದ:
ಮಾತು ಶುರುವಿನಿಂದಲೂ ಒಂದೇ ಅಳತೆಯಲ್ಲಿ ತಪ್ಪಿದೆಯಾ, ಹೋಗ್ತಾ ಹೋಗ್ತಾ ಜಾಸ್ತಿ ಆಗುತ್ತಿದೆಯಾ ನೋಡಿ. ಒಂದೇ ಅಳತೆ ಆದರೆ ವಿಎಲ್‌ಸಿಯಲ್ಲಿ 'ಜೆ', 'ಕೆ' ಒತ್ತಿ ಎಷ್ಟು ಮಿಲಿಸೆಕೆಂಡ್ ಅಂತ ಅಂದಾಜು ಮಾಡಬಹುದು. ನಿಮ್ಮದು ಕೊನೆಗೆ ಜಾಸ್ತಿ ಅಂದಿರಿ. ಹಾಗಿದ್ದರೆ ಡಿಸ್ಕ್ ಓದುವಾಗಲೇ ನಡುವೆ ಚೂರು ಚೂರು ಬಿಟ್ಟುಹೋಗುತ್ತಿರಬಹುದು. ಹಳೇ ರೈಟ್ ಮಾಡಿದ ಡಿಸ್ಕ್, ಅದರಲ್ಲೂ ನಮ್ಮ ಬಿಸಿಲು. ಡಿಸ್ಕಿನಿಂದ ನೇರ ಕನ್ವರ್ಟ್ ಮಾಡಬೇಡಿ. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ, ವಿಡಿಯೋ ಟಿಎಸ್ ಫೋಲ್ಡರ್ ಪೂರ್ತಿ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ. ಎಲ್ಲಾದರೂ ನಿಂತರೆ ಬೇರೆ ಡ್ರೈವ್‌ನಲ್ಲಿ ಓದಿಸಿ. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಓದುವುದುಂಟು. ಕಾಪಿ ಸರಿಯಾಗಿ ಬಂದ ಮೇಲೆ ಆ ಫೋಲ್ಡರನ್ನೇ ಹ್ಯಾಂಡ್‌ಬ್ರೇಕ್‌ಗೆ ಕೊಡಿ. ಎಂಪಿ4 ಆಯ್ತು ಅಂತ ಆ ಫೋಲ್ಡರನ್ನು ಅಳಿಸಬೇಡಿ, ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲೂ ಇಡಿ.