ಸಹಾಯ ಬೇಕು: ಮುಂದಿನ ಸ್ಟ್ರಟ್ ಬಿಚ್ಚಿ ಅರ್ಧಕ್ಕೆ ನಿಲ್ಸಿದೀನಿ

ಎಲ್ರಿಗೂ ನಮಸ್ಕಾರ, ಸೋಮವಾರಪೇಟೆ ಹತ್ರ ತೋಟದ ಮನೆ ನಮ್ದು, ಈ ಮಳೆಗಾಲದ ಗುಂಡಿಗಳಿಗೆ ಕಾರಿನ ಮುಂದಿನ ಸ್ಟ್ರಟ್ (ಸ್ಪ್ರಿಂಗ್ ಸುತ್ತಿರೋ ಶಾಕ್ ಅಬ್ಸಾರ್ಬರ್) ಹೋಗಿದೆ, ಎಡಗಡೇದ್ರಲ್ಲಿ ಆಯಿಲ್ ಇಳಿದು ಕೆಮ್ಮಣ್ಣು ಮೆತ್ಕೊಂಡಿದೆ. ಒಂದೇ ಕಡೆ ಹಾಕ್ಬಾರ್ದು ಅಂತ ಜೋಡಿ ತರಿಸ್ದೆ. ಕಾಫಿ ಕಣದ ಸಿಮೆಂಟ್ ನೆಲದ ಮೇಲೆ ಜಾಕ್ ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಕ್ಕೆ ಕಲ್ಲು ಇಟ್ಟು, ಬ್ರೇಕ್ ಹೋಸ್ ಕ್ಲಿಪ್, ಕೆಳಗಿನ ಎರಡು ಬೋಲ್ಟ್, ಮೇಲಿನ ಮೌಂಟ್ ನಟ್ ಎಲ್ಲಾ ಬಿಚ್ಚಿ ಎಡಗಡೇದು ಆಚೆ ತೆಗ್ದಾಯ್ತು. ನಡುವಿನ ದೊಡ್ಡ ನಟ್ ಮಾತ್ರ ಮುಟ್ಟಿಲ್ಲ, ಸ್ಪ್ರಿಂಗ್ ಒತ್ತದೆ ಅದನ್ನ ಬಿಚ್ಚಿದ್ರೆ ಮುಖಕ್ಕೇ ಹಾರತ್ತೆ ಅಂತ ಗೊತ್ತು.

ಸಿಕ್ಕಾಕೊಂಡಿರೋದು ಇಲ್ಲಿ. ಬಾಡಿಗೆಗೆ ತಂದ ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗ್ ಒತ್ತಿ ಹಿಡಿಯೋ ಕೊಕ್ಕೆ ಇರೋ ಟೂಲ್) ಜೋಡೀನ ಎದುರುಬದುರು ಹಾಕಿ, ಆ ಕಡೆ ನಾಲ್ಕು ಸುತ್ತು ಈ ಕಡೆ ನಾಲ್ಕು ಸುತ್ತು ಅಂತ ಕೈ ಪಾನಾದಲ್ಲೇ ತಿರುಗಿಸ್ತಾ ಬಂದೆ, ಆದ್ರೂ ಸ್ಪ್ರಿಂಗ್ ಒಂದು ಕಡೆ ಬಾಗ್ತಿದೆ, ಒಂದು ಕೊಕ್ಕೆ ಬೆರಳಗಲ ಜಾರೇ ಬಿಡ್ತು. ತುಂಬಾ ಭಯ ಆಗಿ ಸಡಿಲ ಮಾಡಿ ಇಟ್ಟಿದೀನಿ. ಅಪ್ಪ ಕುಶಾಲನಗರಕ್ಕೆ ತಗೊಂಡೋಗು ಅಂತಿದಾರೆ.

ಕೊಕ್ಕೆ ಸ್ಪ್ರಿಂಗಿನ ಎಷ್ಟು ಸುರುಳಿ ಹಿಡೀಬೇಕು? ಸ್ಪ್ರಿಂಗ್ ಮೇಲೆ ಕೂರೋ ತಟ್ಟೆ (ಸೀಟ್) ಕೈಯಲ್ಲಿ ಅಲುಗಾಡೋ ಅಷ್ಟು ಒತ್ತಿದ್ರೆ ನಟ್ ಬಿಚ್ಬೋದಾ, ಇಲ್ಲ ಸ್ಟ್ರಟ್ ಮಾತ್ರ ವರ್ಕ್‌ಶಾಪಿಗೆ ಒಯ್ದು ಹಳೇ ಸ್ಪ್ರಿಂಗನ್ನ ಹೊಸ ಸ್ಟ್ರಟ್‌ಗೆ ಹಾಕಿಸ್ಕೊಂಡು ಬರೋದೇ ಸರೀನಾ? ಸ್ವತಃ ಮಾಡಿರೋರು ದಯವಿಟ್ಟು ಹೇಳಿ.